ಡಬ್ಬದ ಬೆನ್ನು

ಕುಮಾಸಿಯ ಸುಆಮೆಯಲ್ಲಿ, ಬಸ್ಸುಗಳ ಹೊಟ್ಟೆಯಡಿ,
ನಾನು ಕಲಿತ ಮೊದಲ ಕಸುಬು ಸ್ಪ್ಯಾನರ್ ಹಿಡಿಯುವುದಲ್ಲ,
ಓದಿ ಹೇಳುವುದು.
ಮಾಸ್ಟರ್ ಅಂಪೋಫೊಗೆ ಅಕ್ಷರ ಬಾರದು.
ಎಂಜಿನ್ನಿನ ಕೆಮ್ಮು ಕೇಳಿಯೇ ಕಾಯಿಲೆ ಹೇಳುವ ಮನುಷ್ಯ
ಡಬ್ಬವನ್ನು ಮಾತ್ರ ನನ್ನ ಕಡೆ ತಿರುಗಿಸುತ್ತಿದ್ದ:
"ಪೊಮಾ, ಇದೇನಂತೆ?"

"ಸಿಂಥೆಟಿಕ್" ಎಂದೆ. ಅಂಗೈಯಗಲದ ಅಕ್ಷರ, ಬಂಗಾರದ ಅಂಚು.
"ಅಷ್ಟೇನಾ?"
ಕೆಳಗೆ, ಇರುವೆ ಸಾಲಿನ ಹಾಗೆ: "ಟೆಕ್ನಾಲಜಿ."
ಮಾಸ್ಟರ್ ಕೈ ಒರೆಸಿಕೊಂಡ.
"ಹಾಗಾದರೆ ಒಳಗಿರುವುದು ಎಣ್ಣೆಯೋ,
ಎಣ್ಣೆ ಮಾಡುವ ವಿದ್ಯೆಯೋ?"

ಇನ್ನೊಂದು ಡಬ್ಬ: "ಸೆಮಿ."
ಅಂದರೆ ಅರ್ಧವೇ, ಎಂದು ಕೇಳಿದ.
ಬುಡ ನೋಡಿದೆ, ಮುಚ್ಚಳ ನೋಡಿದೆ, ಬೆನ್ನು ತಿರುಗಿಸಿದೆ.
ತಾರೀಖಿದೆ. ಚರ್ಮಕ್ಕೆ ತಾಗಿದರೆ ತೊಳೆಯಿರಿ ಎಂದಿದೆ.
ಮಕ್ಕಳ ಕೈಗೆ ಕೊಡಬೇಡಿ ಎಂದಿದೆ
(ನನಗಾಗ ಹದಿನಾಲ್ಕು).
ಎಷ್ಟಕ್ಕೆ ಎಷ್ಟು ಬೆರೆಸಿದರು ಎನ್ನುವುದು ಮಾತ್ರ
ಎಲ್ಲೂ ಇಲ್ಲ.
ನೂರಕ್ಕೆ ಐವತ್ತೋ, ನೂರಕ್ಕೆ ಐದೋ,
ಹೊಳೆಯಲ್ಲಿ ತೊಳೆದ ಹುಣಸೆಹಣ್ಣಿನಷ್ಟೋ.
"ಬರೆದದ್ದು ಸುಳ್ಳಲ್ಲ," ಎಂದ ಮಾಸ್ಟರ್,
"ಬರೆಯದೆ ಬಿಟ್ಟ ಜಾಗ ಇದೆಯಲ್ಲ,
ವ್ಯಾಪಾರ ನಡೆಯುವುದು ಅಲ್ಲಿ."

ಅವನ ತಾಯಿ ಸಂತೆಯಲ್ಲಿ ತಾಳೆಯೆಣ್ಣೆ ಮಾರಿದವಳು.
ಬೆರೆಸುತ್ತಿದ್ದಳು, ಬೆರೆಸಿದ್ದನ್ನು ಕೂಗಿಯೂ ಹೇಳುತ್ತಿದ್ದಳು:
ಮೂರು ಸೌಟು ಹಳೆಯದು, ಒಂದು ಸೌಟು ಹೊಸದು,
ಬೇಕಿದ್ದವರು ಕೊಳ್ಳಿ!
"ಕೊಂಡವರೇನೂ ಹೆಚ್ಚಿರಲಿಲ್ಲ," ಎಂದು ನಕ್ಕ.

ಶನಿವಾರ ಶನಿವಾರ ಖಾಲಿ ಡಬ್ಬ ಕೊಳ್ಳುವವನು ಬರುತ್ತಿದ್ದ.
ಲೇಬಲ್ ಹರಿದದ್ದಕ್ಕೆ ಚಿಲ್ಲರೆ.
ಗೀರು ಬೀಳದ ಲೇಬಲ್ಲಿಗೆ ಎರಡು ಸೆಡಿ,
ಮುಚ್ಚಳವೂ ಇದ್ದರೆ ಮೂರು.
ಅವನು ಕೊಳ್ಳುತ್ತಿದ್ದದ್ದು ಡಬ್ಬವನ್ನಲ್ಲ, ಮಾತನ್ನು.
ಸ್ಕ್ರೂಡ್ರೈವರ್ ಚುಚ್ಚಿ ಎಸೆ ಎಂದು ಮಾಸ್ಟರ್ ಹೇಳಿದ್ದು
ನನಗೆ ಚೆನ್ನಾಗಿಯೇ ಕೇಳಿಸಿತ್ತು.
ಆದರೆ ಮೂರು ಸೆಡಿ ಎಂದರೆ ಮಧ್ಯಾಹ್ನದ ಕೆಂಕಿಯ ಪಕ್ಕ ಒಂದು ಹುರಿದ ಮೀನು.
ಎಣ್ಣೆ ಬಂದಾಗ ಕಣ್ಣು ಮುಚ್ಚುತ್ತಾರಂತೆ;
ನಾನು ಡಬ್ಬ ಹೋಗುವಾಗ ಮುಚ್ಚಿಕೊಂಡೆ.

ಹರ್ಮತಾನ್ ಗಾಳಿ ಊರಿಗೆಲ್ಲ ಧೂಳು ಬಳಿದ ಒಂದು ಬೆಳಗ್ಗೆ
ಇಸಾಹಾಕು ತನ್ನ ಟ್ರೋಟ್ರೋ ತಂದ.
'ತಡವಾದರೂ ತಲುಪುವೆ' ಎಂದು ಅದರ ಬೆನ್ನ ಮೇಲಿತ್ತು.
ಎಣ್ಣೆಯನ್ನೂ ತಾನೇ ತಂದಿದ್ದ.
ಮುರಿಯದ ಸೀಲು. "ಫುಲ್ಲಿ ಸಿಂಥೆಟಿಕ್."
ಅರ್ಧ ಬೆಲೆಗೆ ಸಿಕ್ಕಿತೆಂದು ಹಲ್ಲೆಲ್ಲ ಹೊರಗೆ.
ಮಾಸ್ಟರ್ ಎಂದಿನಂತೆ ತಿರುಗಿಸಿದ: "ಓದು."

ಓದಬೇಕಾಗಿರಲಿಲ್ಲ.
ಆ ಉದ್ದದ ಪದದ ಕೆಳಗೆ ನೀಲಿ ಪೆನ್ನಿನ ಮೂರು ಗೆರೆ,
ಸಿನ್, ಥೆ, ಟಿಕ್ ಎಂದು ಒಡೆದೊಡೆದು ಬಾಯಿಪಾಠ ಮಾಡುವಾಗ
ನಾನೇ ಎಳೆದದ್ದು.
ಖಾಲಿಯಾಗಿ ಹೋದದ್ದು ತುಂಬಿಕೊಂಡು ಬಂದಿದೆ.
ಯಾವ ಲಾರಿಯ ಹೊಟ್ಟೆಯಿಂದ ಇಳಿಸಿದ ಕರಿಯೋ,
ಯಾವ ಹರಕು ಬಟ್ಟೆಯಲ್ಲಿ ಸೋಸಿದ್ದೋ,
ಲೇಬಲ್ ಮಾತ್ರ ಮೊದಲಿನಂತೆಯೇ ಮಿನುಗುತ್ತಿದೆ,
ಅದಕ್ಕೇನು ಗೊತ್ತು.

"ಓದು," ಎಂದ ಮತ್ತೆ.
"ಪೊಮಾ," ಎಂದು ಓದಿದೆ.
"ಅಂಥ ಕಂಪನಿ ನಾನು ಕೇಳಿಲ್ಲ," ಎಂದ ಇಸಾಹಾಕು.

ಮಾಸ್ಟರ್ ಆ ಮೂರು ಗೆರೆಗಳ ಮೇಲೆ ಬೆರಳಾಡಿಸಿದ,
ಅಕ್ಷರ ಬಾರದವನು, ಅವನ್ನೊಂದು ಸಲಕ್ಕೇ ಓದಿಬಿಟ್ಟ.
ಬೈಯಲಿಲ್ಲ.
ಸ್ಕ್ರೂಡ್ರೈವರ್ ತೆಗೆದು, ಹಿಡಿಯನ್ನು ನನ್ನ ಕಡೆಗೆ ಮಾಡಿ ಚಾಚಿದ.
ಇಸಾಹಾಕು ತನ್ನ ದುಡ್ಡು, ತನ್ನ ದುಡ್ಡು ಎಂದು ಕೂಗುತ್ತಲೇ ಇದ್ದ.
ಚುಚ್ಚಿದೆ. ಕಾಲ ಬುಡದ ಮಣ್ಣು
ನಿಧಾನವಾಗಿ ಕುಡಿಯಿತು.

ಆ ಅರ್ಧ ಬೆಲೆಯನ್ನು ನನ್ನ ಕೂಲಿಯಲ್ಲಿ ಹಿಡಿದ.
ಎರಡು ತಿಂಗಳು ಕೆಂಕಿಗೆ ಮೀನಿರಲಿಲ್ಲ.